ಮೊದಲ ಮಳೆಯ ಹುಲ್ಲಿಗೆ ಕಡಸು ಬಿಡುವ ಮುನ್ನ

ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ ಎರಡು ಸಲ ಬಿದ್ದರೆ ಸಾಕು, ಬೆಂಗಳೂರಿನ ಹೊರಮಾವಿನ ಖಾಲಿ ಸೈಟುಗಳೂ ಕಲ್ಕೆರೆ ಕೆರೆಯ ಅಂಚೂ ಹಸಿರಾಗಿಬಿಡುತ್ತವೆ. ತಿಂಗಳುಗಟ್ಟಲೆ ಒಣ ರಾಗಿ ಹುಲ್ಲು ಜಗಿದ ಕಡಸುಗಳು ಗೂಟ ಕೀಳುವಂತೆ ಹಗ್ಗ ಜಗ್ಗುತ್ತವೆ. ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ನಾಲ್ಕು ದನ ಉಳಿಸಿಕೊಂಡಿರುವವರಿಗೆ ಅದು ಖರ್ಚು ಇಳಿಯುವ ಕಾಲ. ಹಾಲು ಕರೆಯುವ ಹಸುವಿಗೆ ಬೂಸಾ ಮುಂದುವರಿಯುತ್ತದೆ. ಕಡಸಿಗೆ ಮಾತ್ರ ನಿಲ್ಲುತ್ತದೆ. ಹಸಿರು ಬಂತಲ್ಲ, ಇನ್ನೇನು ಬೇಕು ಎಂಬ ಲೆಕ್ಕ. ಈ ಲೆಕ್ಕವೇ ತಪ್ಪು.

ಸುಮಾರು 180 ಕಿಲೋ ತೂಗುವ ಮಿಶ್ರತಳಿ ಕಡಸಿಗೆ ದಿನಕ್ಕೆ ನಾಲ್ಕೂವರೆ ಕಿಲೋದಷ್ಟು ಒಣಾಂಶ, ಅಂದರೆ ನೀರು ಕಳೆದು ಉಳಿಯುವ ಮೇವು, ಹೊಟ್ಟೆಗೆ ಹೋಗಬೇಕು. ಎಳೆ ಹುಲ್ಲಿನಲ್ಲಿ ನೂರಕ್ಕೆ ಎಂಬತ್ತರಷ್ಟು ನೀರೇ. ಬರೀ ಅದರಿಂದಲೇ ಹೊಟ್ಟೆ ತುಂಬಬೇಕಾದರೆ ಹೆಚ್ಚುಕಡಿಮೆ 22-23 ಕಿಲೋ ಮೇಯಬೇಕು. ನಾಲ್ಕು ಬೆರಳೆತ್ತರದ ಗರಿಕೆಯಲ್ಲಿ ಅಷ್ಟು ಕಿತ್ತು ತಿನ್ನುವುದು ಸಾಧ್ಯವಿಲ್ಲ. ಬೆಳಗಿಂದ ಸಂಜೆವರೆಗೆ ಬಾಯಾಡಿಸಿಯೂ ಪ್ರಾಣಿ ಅರೆಹೊಟ್ಟೆಯಲ್ಲಿ ಮನೆಗೆ ಬರುತ್ತದೆ. ಹೊಟ್ಟೆ ಉಬ್ಬಿದಂತೆ ಕಾಣುವುದು ನೀರಿನಿಂದ.

ಇನ್ನೊಂದು ತೊಡಕು ಹೊಟ್ಟೆಯೊಳಗೇ ಇದೆ. ದನದ ಮೊದಲ ಹೊಟ್ಟೆಯಲ್ಲಿ ಮೇವನ್ನು ಕೊಳೆಸಿ ಅರಗಿಸುವ ಸೂಕ್ಷ್ಮಜೀವಿಗಳು ಒಣಹುಲ್ಲಿಗೆ ಒಗ್ಗಿಕೊಂಡಿರುತ್ತವೆ. ಹಸಿರಿಗೆ ಹೊಂದಿಕೊಳ್ಳಲು ಅವಕ್ಕೆ ಎರಡು ಮೂರು ವಾರ ಬೇಕು. ಸ್ವೀಡನ್ನಿನಲ್ಲಿ ಚಳಿಗಾಲವಿಡೀ ಕೊಟ್ಟಿಗೆಯಲ್ಲಿದ್ದ ಹಸುಗಳನ್ನು ವಸಂತದಲ್ಲಿ ಹುಲ್ಲಿಗೆ ಬಿಡುವ ದಿನ ಊರ ಜನವೆಲ್ಲ ನೋಡಲು ಸೇರುತ್ತಾರೆ, ಹಸುಗಳು ಕುಣಿಯುತ್ತ ಓಡುತ್ತವೆ. ನಮ್ಮಲ್ಲಿ ಹಿಮವಿಲ್ಲ, ಬೇಸಿಗೆಯೇ ನಮ್ಮ ಒಣ ಕಾಲ. ಹೊಟ್ಟೆಯ ನಿಯಮ ಮಾತ್ರ ಎರಡೂ ಕಡೆ ಒಂದೇ.

ಹಾಗಾಗಿ ಬೆಳಿಗ್ಗೆ ಮೊದಲು ರಾಗಿ ಹುಲ್ಲು ಹಾಕಿ. ಇಬ್ಬನಿ ಆರಿದ ಮೇಲೆ ಒಂದು ಗಂಟೆ ಮಾತ್ರ ಮೇಯಲು ಬಿಟ್ಟು ಕರೆತನ್ನಿ. ದಿನ ಕಳೆದಂತೆ ಸ್ವಲ್ಪಸ್ವಲ್ಪವೇ ಹೊತ್ತು ಹೆಚ್ಚಿಸಿ, ಮೂರನೇ ವಾರದ ಹೊತ್ತಿಗೆ ಅರ್ಧ ದಿನಕ್ಕೆ ತನ್ನಿ. ಸಂಜೆ ಮತ್ತೆ ಒಣಹುಲ್ಲು, ತಿಂದಷ್ಟು. ಸರಿಹೋಗುತ್ತಿದೆಯೇ ಎಂದು ಸಗಣಿಯೇ ಹೇಳುತ್ತದೆ: ಬೆರಣಿ ತಟ್ಟಲು ಬರುವಂತಿದ್ದರೆ ಚಿಂತೆಯಿಲ್ಲ, ನೀರಾಗಿ ಚಿಮ್ಮಿದರೆ ಹುಲ್ಲಿನ ಹೊತ್ತು ಕಡಿಮೆ ಮಾಡಿ.

ಹುಲ್ಲಿನ ಜೊತೆ ಕೊಡುವ ಕೈ ತಿಂಡಿ ಏನಿರಬೇಕು ಎಂಬಲ್ಲಿ ಹೆಚ್ಚಿನವರು ಹಣ ಪೋಲು ಮಾಡುತ್ತಾರೆ. ಎಳೆ ಹುಲ್ಲಿನಲ್ಲಿ ಪ್ರೋಟೀನು ಬೇಕಾದಷ್ಟಿದೆ; ಕೊರತೆ ಶಕ್ತಿಯದು ಮತ್ತು ನಾರಿನದು. ಆದ್ದರಿಂದ ಈ ವಾರಗಳಲ್ಲಿ ದುಬಾರಿ ಕಡ್ಲೆಕಾಯಿ ಹಿಂಡಿಯನ್ನು ಕಡಿಮೆ ಮಾಡಿ, ಮುಸುಕಿನ ಜೋಳದ ನುಚ್ಚು ಮತ್ತು ಗೋಧಿ ಬೂಸಾ ಕೊಡಿ. ದಿನಕ್ಕೆ ಒಂದರಿಂದ ಒಂದೂವರೆ ಕಿಲೋ, ಎರಡು ಹೊತ್ತಿಗೆ ಹಂಚಿ. ಅದಕ್ಕೆ ಸುಮಾರು 30 ಗ್ರಾಂ ಖನಿಜ ಮಿಶ್ರಣ, ಒಂದು ಚಿಟಿಕೆಗಿಂತ ಹೆಚ್ಚು ಉಪ್ಪು. ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಆಯಾ ಪ್ರದೇಶದ ಮಣ್ಣು-ಮೇವಿನ ಕೊರತೆ ನೋಡಿ ಖನಿಜ ಮಿಶ್ರಣ ರೂಪಿಸುವ ಕೆಲಸ ಮಾಡಿದೆ. ಹಿಂಡಿಯ ಸರದಿ ಮುಂದೆ, ಡಿಸೆಂಬರಿನಲ್ಲಿ ಹುಲ್ಲು ಬಲಿತು ಒಣಗಿದಾಗ. ಬಿಯರ್ ತಯಾರಿಕೆಯಲ್ಲಿ ಉಳಿಯುವ ಹಸಿ ಬಾರ್ಲಿ ಹೊಟ್ಟನ್ನು ತಂದು ಹಾಕುವವರು ಬೆಂಗಳೂರಿನಲ್ಲಿ ಬಹಳ. ಅದೂ ನೀರು ಮತ್ತು ಪ್ರೋಟೀನೇ, ಎಳೆ ಹುಲ್ಲಿಗೆ ಜೊತೆಯಾಗದು. ಬೂಷ್ಟು ಹಿಡಿದದ್ದನ್ನಂತೂ ಮುಟ್ಟಿಸಲೇಬೇಡಿ.

ಇದಕ್ಕಿಂತ ದೊಡ್ಡ ಅಪಾಯ ಕಲ್ಯಾಣ ಮಂಟಪದ್ದು. ಮೊದಲ ಮಳೆಯೂ ಮದುವೆಯ ಕಾಲವೂ ಕೂಡಿ ಬರುತ್ತವೆ. ಉಳಿದ ಅನ್ನವನ್ನು ಬಕೆಟ್ಟುಗಟ್ಟಲೆ ತಂದು ಸುರಿದರೆ ಪುಣ್ಯ ಬರುತ್ತದೆಂದು ಕೆಲವರು ನಂಬಿದ್ದಾರೆ. ಅಭ್ಯಾಸವಿಲ್ಲದ ದನ ಒಮ್ಮೆಗೇ ಅಷ್ಟು ಅನ್ನ ತಿಂದರೆ ಹೊಟ್ಟೆಯೊಳಗೆ ಹುಳಿ ಏರಿ, ಮೆಲುಕು ನಿಂತು, ಒಂದೆರಡು ದಿನದಲ್ಲಿ ಸಾಯಲೂಬಹುದು. ಇಂಥ ಸಾವು ಪಶುವೈದ್ಯರಿಗೆ ಹೊಸದಲ್ಲ.

ಕಡಸಿನ ತೂಕ ನೋಡಲು ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು ಅದರಿಂದಲೇ ಗುಣಿಸಿ. ಬಂದದ್ದನ್ನು ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಗುಣಿಸಿ 660ರಿಂದ ಭಾಗಿಸಿ. ಸುತ್ತಳತೆ 52, ಉದ್ದ 45 ಇದ್ದರೆ ಸುಮಾರು 184 ಕಿಲೋ. ತಿಂಗಳಿಗೊಮ್ಮೆ ಬರೆದಿಡಿ. ದಿನಕ್ಕೆ 400-500 ಗ್ರಾಂ ಏರುತ್ತಿದ್ದರೆ ಒಂದೂವರೆ ವರ್ಷದ ಹೊತ್ತಿಗೆ 250 ಕಿಲೋ ಮುಟ್ಟಿ ಬೆದೆಗೆ ಬರುತ್ತದೆ. ಬೂಸಾ ಉಳಿಸಿ ಬೆದೆ ಆರು ತಿಂಗಳು ತಡವಾದರೆ, ಹಾಲಿಲ್ಲದ ಪ್ರಾಣಿಯನ್ನು ಆರು ತಿಂಗಳು ಹೆಚ್ಚು ಸಾಕಿದಂತಾಯಿತು.

ಕೆರೆಯಂಚಿನ ಹುಲ್ಲಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಅಲ್ಲಿನ ಬಸವನಹುಳುಗಳಲ್ಲಿ ಬೆಳೆದ ಪಿತ್ತಜನಕಾಂಗದ ಹುಳದ ಮರಿಗಳು ಹುಲ್ಲಿಗೆ ಅಂಟಿಕೊಂಡು ಕಾಯುತ್ತವೆ. ಕೆಲವು ತಿಂಗಳಲ್ಲಿ ಕಡಸು ಸೊರಗಿ, ದವಡೆಯ ಕೆಳಗೆ ನೀರು ತುಂಬಿ ಜೋತುಬೀಳುತ್ತದೆ. ಮಳೆಗೆ ಮುನ್ನ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ತೂಕಕ್ಕೆ ತಕ್ಕ ಜಂತುಹುಳದ ಔಷಧಿ ಹಾಕಿಸಿ. ಚರಂಡಿ ನೀರು ಹರಿದು ಸೊಂಪಾಗಿ ಬೆಳೆದ ಕಡುಹಸಿರು ಹುಲ್ಲನ್ನು ಬಿಟ್ಟುಬಿಡುವುದೇ ಲೇಸು. ಅದರಲ್ಲಿ ನೈಟ್ರೇಟ್ ವಿಪರೀತ ಸೇರಿರಬಹುದು. ಗಳಲೆ ರೋಗ, ಚಪ್ಪೆ ರೋಗಗಳ ಲಸಿಕೆ ಮುಂಗಾರಿಗೆ ಮುಂಚೆಯೇ ಆಗಿರಲಿ. ಎಡ ಪಕ್ಕೆ ಉಬ್ಬಿ ಪ್ರಾಣಿ ಉಸಿರಿಗೆ ಪರದಾಡಿದರೆ ಎಣ್ಣೆ ಕುಡಿಸಲು ಹೋಗಿ ಶ್ವಾಸಕೋಶಕ್ಕೆ ಇಳಿಸುವ ಬದಲು 1962ಕ್ಕೆ ಕರೆ ಮಾಡಿ, ಪಶು ಚಿಕಿತ್ಸಾ ವಾಹನ ಕೇಳಿ.

ದನ ಸಾಕದ ಹೊರಮಾವಿನವರಿಗೂ ಒಂದು ಮಾತು. ತರಕಾರಿ ಸಿಪ್ಪೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಖಾಲಿ ಸೈಟಿಗೆ ಎಸೆಯಬೇಡಿ. ಸಿಪ್ಪೆಯ ವಾಸನೆಗೆ ಕಡಸು ಕವರನ್ನೂ ನುಂಗುತ್ತದೆ. ಅದು ಅರಗುವುದಿಲ್ಲ, ಸಗಣಿಯಲ್ಲೂ ಹೋಗುವುದಿಲ್ಲ. ಗಂಟುಗಟ್ಟಿದ ಮೇಲೆ ಹೊಟ್ಟೆ ಕೊಯ್ದೇ ತೆಗೆಯಬೇಕು.