ಮುಟ್ಟಿದರೆ ತಾಯಿ ಬೆಕ್ಕು ಮರಿಯನ್ನು ಬಿಟ್ಟುಹೋಗುತ್ತದೆಯೇ?

‘ಬೆಕ್ಕಿನ ಮರಿ ಮುಟ್ಟಬೇಡಿ, ಮನುಷ್ಯರ ವಾಸನೆ ಹತ್ತಿದರೆ ತಾಯಿ ಸೇರಿಸುವುದಿಲ್ಲ’ ಎಂಬ ಮಾತನ್ನು ಮನೆಯಲ್ಲೂ ಕೇಳಿದ್ದೇವೆ, ವಾಟ್ಸಾಪ್‌ನಲ್ಲೂ ಓದಿದ್ದೇವೆ. ಇದು ನಿಜವೇ?

ಇಲ್ಲ. ಒಮ್ಮೆ ಮುಟ್ಟಿದ ಮಾತ್ರಕ್ಕೆ ತಾಯಿ ಮರಿಯನ್ನು ಬಿಡುವುದಿಲ್ಲ. ಸೂಳೆಕೆರೆ ಸುತ್ತಲಿನ ಹಳ್ಳಿಗಳಲ್ಲಿ ಇಲಿ ಕಾಟಕ್ಕೆಂದು ಬೆಕ್ಕು ಸಾಕುವವರಿದ್ದಾರೆ. ಸುಮಾರು 63ರಿಂದ 65 ದಿನ ಗಬ್ಬವಿದ್ದ ಬೆಕ್ಕು ಅಟ್ಟದಲ್ಲೋ ಮೂಟೆಗಳ ಸಂದಿಯಲ್ಲೋ ಮರಿ ಹಾಕುತ್ತದೆ. ಗದ್ದಲವಾದರೆ, ಜನ ಪದೇ ಪದೇ ಇಣುಕಿದರೆ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆ ಜಾಗಕ್ಕೆ ಸಾಗಿಸುತ್ತದೆ. ‘ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ’ ಎನ್ನುವುದು ಇದನ್ನೇ.

ಹೀಗೆ ಸಾಗಿಸುವಾಗ ಒಂದು ಮರಿ ಒಂಟಿಯಾಗಿ ಕಾಣಬಹುದು. ಅದು ಬೆಚ್ಚಗಿದ್ದು ಸುಮ್ಮನೆ ಮಲಗಿದ್ದರೆ ದೂರದಿಂದಲೇ ಕೆಲವು ಗಂಟೆ ಕಾಯಿರಿ. ತಾಯಿ ಬಹುಶಃ ಬರುತ್ತದೆ.

ಮೈ ತಣ್ಣಗಾಗಿದ್ದರೆ, ಬಿಡದೆ ಅಳುತ್ತಿದ್ದರೆ ಏನು ಮಾಡಬೇಕು?

• ಮೊದಲು ಬಟ್ಟೆಯಲ್ಲಿ ಸುತ್ತಿ ಬೆಚ್ಚಗೆ ಮಾಡಿ. ಮೊದಲ ವಾರಗಳಲ್ಲಿ ಮರಿ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ತಣ್ಣಗಿರುವಾಗ ಹಾಲು ಕುಡಿಸಿದರೆ ಅರಗುವುದಿಲ್ಲ.
• ಹಸುವಿನ ಹಾಲು ಬೇಡ. ಅದರಿಂದ ಭೇದಿಯಾಗಿ ಮರಿ ಸಾಯಬಹುದು. ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ ಬಳಸಿ.
• ಅಂಗಾತ ಮಲಗಿಸಿ ಕುಡಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಿ.
• ಕುಡಿಸಿದ ಮೇಲೆ ಒದ್ದೆ ಬಟ್ಟೆಯಿಂದ ಹಿಂಭಾಗ ಮೆಲ್ಲಗೆ ಒರೆಸಿ. ತಾಯಿ ನೆಕ್ಕದಿದ್ದರೆ ಎಳೆ ಮರಿ ಮೂತ್ರ ಮಾಡಲಾರದು.

ಚೇತರಿಸದಿದ್ದರೆ ತಡಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಅಂಥ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಮುಟ್ಟಲು ಹೆದರಿ ಸುಮ್ಮನಿದ್ದರೆ ತಣ್ಣಗಾದ ಮರಿ ಉಳಿಯುವುದಿಲ್ಲ.