ಯಂತ್ರದೋಣಿಯ ಸೋರುವ ಕಿಟಕಿ: ಬಿಚ್ಚಿ ಕೂರಿಸುವ ಕ್ರಮ



1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದ ಮೇಲೆ ಶರಾವತಿಯ ಹಿನ್ನೀರು ಹಬ್ಬಿ, ದಂಡೆಯ ಅನೇಕ ಹಳ್ಳಿಗಳಿಗೆ ನೀರೇ ದಾರಿಯಾಯಿತು. ಇಂಥ ಹಿನ್ನೀರಿನಲ್ಲಿಯೂ ಕರಾವಳಿಯ ಹೊಳೆಗಳಲ್ಲಿಯೂ ಓಡಾಡುವ ಯಂತ್ರದೋಣಿಗಳಲ್ಲಿ ಕೋಣೆ, ಕಿಟಕಿಗಳುಳ್ಳ ಹಳೆಯವೂ ಇರುತ್ತವೆ. ಮಳೆ ಬಂದಾಗ ಕಿಟಕಿಯ ಕೆಳಗೆ ನೀರು ಜಿನುಗಿದರೆ ಅಲ್ಲಿಗೊಂದು ಬಟ್ಟೆ ತುರುಕಿ, ಹೊರಗಿನಿಂದ ಒಂದಿಷ್ಟು ಅಂಟು ಬಳಿದು ಸುಮ್ಮನಾಗುವುದು ರೂಢಿ. ಇದು ಸರಿಯಲ್ಲ. ಏಕೆ?

ಕೋಣೆಯೊಳಗೆ ಕಾಣುವ ನೀರು ಸ್ವಲ್ಪವೇ. ಉಳಿದದ್ದು ಗೋಡೆಯ ಪದರಗಳ ನಡುವೆ ಇಳಿಯುತ್ತದೆ. ಹಳೆಯ ಫೈಬರ್ ದೋಣಿಗಳ ಗೋಡೆಯಲ್ಲಿ ಅನೇಕ ಸಲ ಪ್ಲೈವುಡ್ ಇರುತ್ತದೆ. ಅದು ನೀರು ಕುಡಿದು ಒಳಗೊಳಗೇ ಕೊಳೆಯುತ್ತದೆ. ಮೇಲೆ ಬಳಿದ ಅಂಟು, ಒಳಗೆ ಸೇರಿದ ನೀರು ಆರದಂತೆ ತಡೆಯುತ್ತದೆ. ಕೊನೆಗೆ ತಿರುಪುಮೊಳೆಗಳು ಹಿಡಿತ ಕಳೆದುಕೊಂಡು ಕಿಟಕಿಯೇ ಸಡಿಲವಾಗುತ್ತದೆ. ಒಂದು ದಿನದ ಕೆಲಸ ಗೋಡೆಯನ್ನೇ ಬದಲಿಸುವ ಖರ್ಚಾಗುತ್ತದೆ. ಆದುದರಿಂದ ಕಿಟಕಿಯನ್ನು ಬಿಚ್ಚಿ, ಸ್ವಚ್ಛಮಾಡಿ, ಹೊಸ ಅಂಟಿನ ಮೇಲೆ ಕೂರಿಸುವುದೇ ಸರಿಯಾದ ಮಾರ್ಗ.

ಮೊದಲು ಸೋರುವ ಜಾಗವನ್ನು ಹುಡುಕಿರಿ. ಹೆಂಚಿನ ಮಾಡಿನಲ್ಲಿ ಹನಿ ಬೀಳುವ ಜಾಗ ಒಂದು, ಹೆಂಚು ಒಡೆದ ಜಾಗ ಇನ್ನೊಂದು ಎಂಬುದನ್ನು ನೀವು ಬಲ್ಲಿರಿ. ಇಲ್ಲಿಯೂ ಹಾಗೆಯೇ. ಬಿಸಿಲಿನ ದಿನ ಒಬ್ಬರು ಒಳಗೆ ಕುಳಿತು ನೋಡಬೇಕು. ಇನ್ನೊಬ್ಬರು ಹೊರಗಿನಿಂದ ಕಿಟಕಿಯ ಕೆಳ ಅಂಚಿನಿಂದ ಆರಂಭಿಸಿ, ನಿಧಾನವಾಗಿ ಮೇಲಕ್ಕೆ ನೀರು ಹಾಯಿಸಬೇಕು. ಮೇಲಿನಿಂದ ಸುರಿದರೆ ಎಲ್ಲಿ ನುಗ್ಗಿತೆಂದು ತಿಳಿಯದು. ನೀರು ಕಂಡ ಕಡೆ ಸೀಮೆಸುಣ್ಣದಿಂದ ಗುರುತು ಮಾಡಿರಿ. ಚೌಕಟ್ಟಿನ ಕೆಳಭಾಗದಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳಿದ್ದರೆ ಅವು ಕಸದಿಂದ ಮುಚ್ಚಿವೆಯೇ ಎಂದು ನೋಡಿರಿ. ಕೆಲವೊಮ್ಮೆ ಅವನ್ನು ತೆರೆದರೆ ಸಾಕು, ಸೋರಿಕೆ ನಿಲ್ಲುತ್ತದೆ.

ಬಿಚ್ಚುವ ಕೆಲಸಕ್ಕೆ ಇಬ್ಬರು ಬೇಕು. ಒಂದು ಕಿಟಕಿ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿರಿ. ಉಪ್ಪುನೀರಿನಲ್ಲಿ ಓಡಾಡಿದ ದೋಣಿಯಾದರೆ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಸ್ಟೀಲ್ ತಿರುಪುಗಳು ಹಿಡಿದುಕೊಂಡಿರುತ್ತವೆ. ಬಲ ಹಾಕಿದರೆ ತಲೆ ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ತಿರುಪುಗಳು ಬಂದ ಮೇಲೆ ತೆಳುವಾದ ಅಲಗಿನಿಂದ ಸುತ್ತಲಿನ ಹಳೆಯ ಅಂಟನ್ನು ಕೊಯ್ದು, ಸಣ್ಣ ಮರದ ಬೆಣೆಗಳನ್ನು ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ತಳ್ಳಿರಿ. ಒಂದೇ ಮೂಲೆಯಿಂದ ಮೀಟಿದರೆ ಚೌಕಟ್ಟು ಬಾಗಿ ಗಾಜು ಒಡೆಯುತ್ತದೆ. ಹೊರಗಿನವರು ಗಾಜನ್ನು ಹಿಡಿದೇ ಇರಬೇಕು. ಕೈಗವಸು ಮರೆಯಬೇಡಿರಿ.

ಈಗ ಬರಿದಾದ ಗೋಡೆಯ ಅಂಚನ್ನು ದಬ್ಬಳದಿಂದ ಚುಚ್ಚಿ ನೋಡಿರಿ. ಮೊನೆ ಸುಲಭವಾಗಿ ಇಳಿದರೆ ಮರ ಕೊಳೆತಿದೆಯೆಂದೇ ಅರ್ಥ. ಆ ಭಾಗವನ್ನು ಕೆತ್ತಿ ತೆಗೆದು, ಪೂರ್ಣ ಒಣಗಲು ಬಿಟ್ಟು, ಎಪಾಕ್ಸಿಯಿಂದ ತುಂಬಿ ಅಂಚನ್ನು ಮುಚ್ಚಿರಿ. ಕೊಳೆತ ಮರದ ಮೇಲೆ ಎಷ್ಟೇ ಬೆಲೆಬಾಳುವ ಅಂಟು ಹಾಕಿದರೂ ವ್ಯರ್ಥ.

ಹಳೆಯ ಅಂಟು ಎಳ್ಳಷ್ಟೂ ಉಳಿಯಬಾರದು. ವಿಶೇಷವಾಗಿ ಸಿಲಿಕೋನ್ ಉಳಿದರೆ ಹೊಸದು ಹಿಡಿಯುವುದಿಲ್ಲ. ಕಿಟಕಿಯದು ನಿಜವಾದ ಗಾಜೋ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕೋ ಎಂದು ಮೊದಲೇ ತಿಳಿಯಿರಿ. ಅಕ್ರಿಲಿಕ್ ಆದರೆ ಥಿನ್ನರ್, ಅಸಿಟೋನ್ ತಾಗಿಸಬಾರದು. ಮೈಯೆಲ್ಲ ಸಣ್ಣ ಬಿರುಕು ಬಿಡುತ್ತದೆ. ಸಾಬೂನು ನೀರೇ ಸಾಕು. ಪಾಲಿಸಲ್ಫೈಡ್ ಅಂಟು ಗಾಜಿಗೆ ಒಳ್ಳೆಯದು, ಅಕ್ರಿಲಿಕ್ಕಿಗೆ ಹಾನಿಕರ. ಚೌಕಟ್ಟು ಮತ್ತು ಗೋಡೆಯ ನಡುವೆ ಬ್ಯುಟೈಲ್ ಟೇಪು ಅನುಕೂಲ. ಒಡೆದ ಗಾಜಿಗೆ ಬದಲಾಗಿ ಮನೆ ಕಿಟಕಿಯ ಸಾದಾ ಗಾಜು ಹಾಕದೆ, ಗಟ್ಟಿಗೊಳಿಸಿದ ಗಾಜನ್ನೇ ಹಾಕಿಸತಕ್ಕದ್ದು.

ಒಂದು ಮೀಟರ್ ಉದ್ದದ ಅಕ್ರಿಲಿಕ್ ಹಾಳೆಯು 30 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದಾಗ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಆದ್ದರಿಂದ ಅಂಚಿನ ಸುತ್ತ ಹಿಗ್ಗಲು ಎಡೆ ಬಿಡಬೇಕು. ತಿರುಪಿನ ತೂತುಗಳನ್ನೂ ತುಸು ಅಗಲವಾಗಿ ಕೊರೆಯಬೇಕು.

ಕೂರಿಸುವಾಗ ಅಂಟನ್ನು ಎಲ್ಲಿಯೂ ತುಂಡಾಗದಂತೆ ಸುತ್ತಲೂ ಹಾಕಿ, ಪ್ರತಿಯೊಂದು ತಿರುಪಿನ ತೂತಿಗೂ ಬಳಸಿಕೊಂಡು ಬನ್ನಿರಿ. ಟ್ರ್ಯಾಕ್ಟರಿನ ಗಾಲಿಯ ನಟ್ಟುಗಳನ್ನು ಎದುರುಬದುರಾಗಿ ಬಿಗಿಯುವಂತೆ ತಿರುಪುಗಳನ್ನು ಬಿಗಿಯಿರಿ. ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಬಂದು ನಡುವೆ ಏನೂ ಉಳಿಯದು. ಬ್ಯುಟೈಲ್ ಟೇಪು ನಿಧಾನವಾಗಿ ಹರಡುವುದರಿಂದ ಒಂದೆರಡು ದಿನ ಬಿಟ್ಟು ಮತ್ತೆ ಸ್ವಲ್ಪ ಬಿಗಿಯಿರಿ. ಕೊಳವೆಯ ಅಂಟಾದರೆ ಅದರ ಮೇಲೆ ಬರೆದಷ್ಟು ಕಾಲ ಒಣಗಲು ಬಿಟ್ಟು, ಅನಂತರ ಮೊದಲಿನಂತೆಯೇ ನೀರು ಹಾಯಿಸಿ ಪರೀಕ್ಷಿಸಿರಿ.

ಈ ಕೆಲಸಕ್ಕೆ ಬೇಕಾದದ್ದು ಒಣ ಹವೆ ಮತ್ತು ತಾಳ್ಮೆ. ದೋಣಿ ಊರಿನದಾದರೆ ನಾಲ್ಕು ಜನ ಸೇರಿ ಸುಗ್ಗಿ ಮುಗಿದೊಡನೆ ಮಾಡಿಕೊಳ್ಳಬಹುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ಮಳೆ ಹಿಡಿದ ಮೇಲೆ ಹೊರಟರೆ ಒದ್ದೆ ಗೋಡೆಗೆ ಯಾವ ಅಂಟೂ ಹಿಡಿಯದು. ಶಾಲೆಗೆ ಹೋಗುವ ಮಕ್ಕಳೂ ನಿಮ್ಮ ಅಡಿಕೆ, ಅಕ್ಕಿಯ ಮೂಟೆಗಳೂ ಈ ದೋಣಿಯಲ್ಲೇ ದಡ ಸೇರಬೇಕಲ್ಲವೇ? ಈ ಬೇಸಿಗೆಯಲ್ಲಿಯೇ ಒಂದು ಕಿಟಕಿಯಿಂದ ಆರಂಭಿಸಿರಿ.