ಕುಟುಂಬ ವೈದ್ಯ

ಕಾಯಿಲೆ ಬಿದ್ದ ಬಡವನನ್ನು ರೋಗಕ್ಕಿಂತ ಮೊದಲು ಕಾಡುವುದು ಹಣದ ಚಿಂತೆ. ವೈದ್ಯರ ಬಳಿಗೆ ಹೋಗುವುದನ್ನು ಅವನು ಇಂದು ನಾಳೆ ಎಂದು ಮುಂದೂಡುತ್ತಾನೆ. ಅಷ್ಟರಲ್ಲಿ ಸಣ್ಣ ಬೇನೆ ಹೆಮ್ಮರವಾಗಿ ಬೆಳೆದಿರುತ್ತದೆ. ಈ ಚಿಂತೆಯನ್ನು ನೀಗಲು ಬ್ರಿಟನ್ ದೇಶ ಕಂಡುಕೊಂಡ ಮಾರ್ಗವು ಗಮನಾರ್ಹವಾದುದು.

ಆ ಮಾರ್ಗದ ಒಂದು ಬೇರು ವೇಲ್ಸ್ ಸೀಮೆಯ ಕಲ್ಲಿದ್ದಲು ಗಣಿಗಳಲ್ಲಿದೆ. ಟ್ರೆಡೀಗರ್ ಎಂಬ ಊರಿನ ಕಾರ್ಮಿಕರು ತಮ್ಮ ಕೂಲಿಯ ಅಲ್ಪಭಾಗವನ್ನು ಒಟ್ಟುಗೂಡಿಸಿ, ಎಲ್ಲರಿಗಾಗಿ ವೈದ್ಯರನ್ನು ನೇಮಿಸಿಕೊಂಡಿದ್ದರು. ಅದೇ ಊರಿನ ಗಣಿ ಕಾರ್ಮಿಕನ ಮಗನಾಗಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ತಾವೂ ಗಣಿಗಿಳಿದು ದುಡಿದ ಅನೈರಿನ್ ಬೆವನ್ ಅವರು ಮುಂದೆ ದೇಶದ ಆರೋಗ್ಯ ಸಚಿವರಾದರು. ಅವರ ಪ್ರಯತ್ನದ ಫಲವಾಗಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಇದರ ವೆಚ್ಚದ ಬಹುಭಾಗ ತೆರಿಗೆಯ ಹಣದಿಂದ ಬರುತ್ತದೆ. ಆದುದರಿಂದ ವೈದ್ಯರನ್ನು ಕಾಣಲು ರೋಗಿಯು ಶುಲ್ಕ ತೆರಬೇಕಾಗಿಲ್ಲ. ಔಷಧಿಗೆ ಇಂಗ್ಲೆಂಡಿನಲ್ಲಿ ಹಲವರು ಗೊತ್ತಾದ ಶುಲ್ಕ ಕೊಡುತ್ತಾರೆ. ವೇಲ್ಸ್ ಮತ್ತು ಸ್ಕಾಟ್‌ಲೆಂಡ್‌ಗಳಲ್ಲಿ ಅದೂ ಇಲ್ಲ.

ಈ ವ್ಯವಸ್ಥೆಯ ಹೆಬ್ಬಾಗಿಲೇ ಕುಟುಂಬ ವೈದ್ಯರ ಚಿಕಿತ್ಸಾಲಯ. ಜನರು ತಮ್ಮ ವಾಸಸ್ಥಳಕ್ಕೆ ಸಮೀಪದ ಒಂದು ಚಿಕಿತ್ಸಾಲಯದಲ್ಲಿ ಹೆಸರು ನೋಂದಾಯಿಸಿಕೊಳ್ಳುತ್ತಾರೆ. ಮಗುವಿನ ಕೆಮ್ಮಿನಿಂದ ಹಿಡಿದು ಮುದುಕರ ಮಂಡಿನೋವಿನವರೆಗೆ ಎಲ್ಲಕ್ಕೂ ಮೊದಲು ಅಲ್ಲಿಗೇ ಹೋಗುವುದು ವಾಡಿಕೆ. ವೈದ್ಯರ ಜೊತೆಗೆ ದಾದಿಯರೂ ಇತರ ಸಿಬ್ಬಂದಿಯೂ ಅಲ್ಲಿ ದುಡಿಯುತ್ತಾರೆ. ತಜ್ಞರ ಅವಶ್ಯಕತೆ ಕಂಡುಬಂದರೆ ಕುಟುಂಬ ವೈದ್ಯರೇ ಪತ್ರ ಬರೆದು ಆಸ್ಪತ್ರೆಗೆ ಕಳುಹಿಸುತ್ತಾರೆ. ಅಪಘಾತದಂತಹ ತುರ್ತು ಸಂದರ್ಭಗಳಲ್ಲಿ ನೇರವಾಗಿ ಆಸ್ಪತ್ರೆಗೆ ಹೋಗಬಹುದು. ವ್ಯಕ್ತಿಯು ಊರು ಬದಲಿಸಿ ಬೇರೆಡೆ ನೋಂದಾಯಿಸಿಕೊಂಡರೆ, ಅವನ ಆರೋಗ್ಯದ ದಾಖಲೆಯೂ ಅವನನ್ನು ಹಿಂಬಾಲಿಸುತ್ತದೆ.

ಈ ವೈದ್ಯರಲ್ಲಿ ಅನೇಕರು ಸರ್ಕಾರಿ ನೌಕರರಲ್ಲ. ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಚಿಕಿತ್ಸಾಲಯವನ್ನು ತಾವೇ ನಡೆಸುವವರು. ಅವರಿಗೆ ಸಲ್ಲುವ ಹಣದ ಹೆಚ್ಚಿನ ಭಾಗವು ರೋಗಿ ಎಷ್ಟು ಸಲ ಬಂದನೆಂಬುದನ್ನು ಅವಲಂಬಿಸಿಲ್ಲ. ಎಷ್ಟು ಜನ ನೋಂದಾಯಿಸಿಕೊಂಡಿದ್ದಾರೆ, ಅವರ ವಯಸ್ಸೇನು, ಅಗತ್ಯಗಳೇನು ಎಂಬುದನ್ನು ಅವಲಂಬಿಸಿದೆ. ಹೀಗಾಗಿ ಆರೋಗ್ಯವಂತನೂ ವೈದ್ಯರ ಹೊಣೆಯೇ ಆಗುತ್ತಾನೆ.

ಈ ಹೊಣೆಯನ್ನು ಪೂರ್ಣವಾಗಿ ಅರಿತವರು ಡಾ. ಜೂಲಿಯನ್ ಟ್ಯೂಡರ್ ಹಾರ್ಟ್. ವೇಲ್ಸಿನ ಗ್ಲಿನ್‌ಕೋರುಗ್ ಎಂಬ ಬಡ ಗಣಿಹಳ್ಳಿಯಲ್ಲಿ ಅವರು ದಶಕಗಳ ಕಾಲ ಸೇವೆ ಸಲ್ಲಿಸಿದರು. ಅಧಿಕ ರಕ್ತದೊತ್ತಡವು ಸದ್ದಿಲ್ಲದೆ ಬರುವ ಶತ್ರು. ನೋವಿಲ್ಲದ ಕಾರಣ ಅದಕ್ಕಾಗಿ ಯಾರೂ ವೈದ್ಯರನ್ನು ಅರಸಿ ಬರುವುದಿಲ್ಲ. ಆದುದರಿಂದ ಹಾರ್ಟ್ ಅವರೇ ತಮ್ಮ ಪಟ್ಟಿಯನ್ನು ಹಿಡಿದು, ಪರೀಕ್ಷೆಗೆ ಬಾರದಿದ್ದವರನ್ನು ಹುಡುಕಿ ಹುಡುಕಿ ರಕ್ತದೊತ್ತಡವನ್ನು ಅಳೆದರು. 25 ವರ್ಷಗಳ ಈ ಕಾರ್ಯದ ವರದಿ 1991ರಲ್ಲಿ ಪ್ರಕಟವಾದಾಗ, ನೆರೆಯ ಊರಿಗಿಂತ ಅಲ್ಲಿ ಅಕಾಲಮರಣ ಕಡಿಮೆಯಾಗಿದ್ದುದು ತಿಳಿದುಬಂತು. ಉತ್ತಮ ವೈದ್ಯಸೇವೆಯ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಅದು ದೊರೆಯುವುದು ಕಡಿಮೆ ಎಂದು 1971ರಲ್ಲಿ ಜಗತ್ತಿನ ಗಮನ ಸೆಳೆದವರೂ ಅವರೇ.

ಈ ವ್ಯವಸ್ಥೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಇಂದು ಅಲ್ಲಿ ವೈದ್ಯರ ಮೇಲಿನ ಹೊರೆ ಹೆಚ್ಚಿದೆ. ಭೇಟಿಗಾಗಿ ಅನೇಕರು ದಿನಗಟ್ಟಲೆ ಕಾಯಬೇಕಾಗಿದೆ. ಪ್ರತಿ ಸಲವೂ ಪರಿಚಿತ ವೈದ್ಯರೇ ದೊರೆಯುವರೆಂಬ ಭರವಸೆಯಿಲ್ಲ. ಆದರೂ ಅದರ ಮೂಲತತ್ತ್ವಕ್ಕೆ ಕುಂದಿಲ್ಲ. ಬಾಗಿಲಿಗೆ ಬಂದವನಿಗೆ ಮದ್ದು ಕೊಡುವುದಷ್ಟೇ ವೈದ್ಯಧರ್ಮವಲ್ಲ. ಬಾರದೆ ಉಳಿದವನು ಯಾರೆಂದು ವಿಚಾರಿಸುವುದೂ ವೈದ್ಯಧರ್ಮವೇ.